ಕೌದಿಯ ಕೆಳಗಿನ ಕೈ

ಶಹಾಬಾದಿ ಫರಸಿಯ ನೆಲದ ಮೇಲೆ ಅರಿವೆ ಹಾಸಿಕೊಂಡು ಕೈಹೊಲಿಗೆ ಹಾಕುವವರಿಗೆ ಒಂದು ಸಣ್ಣ ಸದ್ದು ಚೆನ್ನಾಗಿ ಗೊತ್ತಿರುತ್ತದೆ. ಸೂಜಿಯ ಮೊನೆ ಮೂರೂ ಪದರು ದಾಟಿ ಕೆಳಗಿನ ಕಲ್ಲಿಗೆ ತಾಗಿದಾಗ ಹೊರಡುವ 'ಕಿರ್' ಎನ್ನುವ ಆ ಸದ್ದು, ಹೊಲಿಗೆ ಅಸ್ತರದವರೆಗೆ ಮುಟ್ಟಿದೆ ಎಂಬುದಕ್ಕೆ ಸಾಕ್ಷಿ. ಹಳೆಯ ಅರಿವೆಯ ಪದರುಗಳನ್ನು ಕೂಡಿಸಿದ ಹೊದಿಕೆ, ಅಂದರೆ ಕೌದಿ, ಹೊಲಿಯಲು ಕುಳಿತ ಮೊದಲ ವಾರವೆಲ್ಲ ನಾನು ಆ ಸದ್ದನ್ನೇ ನಂಬಿ ಹೊಲಿದೆ. ವಾರ ಮುಗಿಯುವಷ್ಟರಲ್ಲಿ ನಾಲ್ಕು ಸೂಜಿಗಳ ಮೊನೆ ಮೊಂಡಾಗಿ, ಹಳೆಯ ಧೋತರದ ನೂಲಿನ ನಡುವೆ ನುಸುಳುವ ಬದಲು ನೂಲನ್ನೇ ಎಳೆದು ಹರಿಯತೊಡಗಿದವು. ಕಲ್ಲಿನ ಸಾಕ್ಷಿ ನೆಚ್ಚಿಕೊಳ್ಳುವಂಥದ್ದಲ್ಲ, ಅಡಿಯಲ್ಲಿ ಇರಬೇಕಾದದ್ದು ಎಡಗೈಯ ಬೆರಳು ಎಂಬುದು ಆಮೇಲೆ ತಿಳಿಯಿತು, ಅದೂ ತಾನಾಗಿ ತಿಳಿದದ್ದಲ್ಲ.

ನಾನು ಚಿತ್ತಾಪುರ ತಾಲೂಕಿನ ಸರಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ 2020ರಲ್ಲಿ ನಿವೃತ್ತಳಾದವಳು. ಈಗ ಕಲಬುರಗಿಯಲ್ಲಿ ವಾಸ. ಹೊಲಿಗೆ ಯಂತ್ರ ನನಗೆ ಹೊಸದಲ್ಲ, ಮಕ್ಕಳ ಅಂಗಿ, ನನ್ನ ಕುಪ್ಪಸಗಳನ್ನು ನಾನೇ ಹೊಲಿದುಕೊಂಡವಳು. ಆದರೆ ಕೌದಿಯನ್ನು ಮಾತ್ರ ಎಂದೂ ಹೊಲಿದಿರಲಿಲ್ಲ. ನಮ್ಮ ಆಯಿ, ಅಂದರೆ ಅಜ್ಜಿ, ಬೇಸಿಗೆಗೆ ಎರಡಾದರೂ ಕೌದಿ ಹೊಲಿಯುತ್ತಿದ್ದಳು. ಅವ್ವ ಆಯಿ ಹೊಲಿದವುಗಳಿಗೆ ತೇಪೆ ಹಾಕಿಕೊಂಡು ಕಾಲ ಕಳೆದಳು. ನನ್ನ ಕಾಲಕ್ಕೆ ಮನೆಗೆ ಸೊಲ್ಲಾಪುರದ ಚಾದರ ಬಂತು, ಅದರ ಹಿಂದೆಯೇ ಪಾಣಿಪತ್ತಿನ ಮಿಂಕ್ ಕಂಬಳಿಯೂ ಬಂತು. ಹೀಗೆ ಎರಡು ತಲೆಮಾರಿನಲ್ಲಿ ಕೈಬಿಟ್ಟು ಹೋಗಿದ್ದ ಕೆಲಸವನ್ನು 2023ರ ಫೆಬ್ರವರಿಯಲ್ಲಿ ನಾನು ಎತ್ತಿಕೊಂಡದ್ದಕ್ಕೆ ಕಾರಣ ಸರಳ. ಮಗಳಿಗೆ ಆಗಸ್ಟಿನಲ್ಲಿ ಹೆರಿಗೆಯ ದಿನ ಕೊಟ್ಟಿದ್ದರು. ಹೊಸ ಕೂಸನ್ನು ಹಳೆಯ ಅರಿವೆಯಲ್ಲೇ ಮಲಗಿಸಬೇಕು ಎನ್ನುವ ನಮ್ಮ ಕಡೆಯ ರೂಢಿಯಂತೆ ಅದಕ್ಕೊಂದು ಕೌದಿ ಬೇಕಾಗಿತ್ತು, ಮತ್ತು ಆ ಹೊತ್ತಿಗೆ ಮನೆಯಲ್ಲಿ ಆಯಿಯ ಕೈಯದು ಒಂದೂ ಉಳಿದಿರಲಿಲ್ಲ.

ಕೌದಿ ಎಂದರೆ ಏನು ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಒಂದೆರಡು ಮಾತು. ತಳಕ್ಕೆ ಒಂದು ಹಳೆಯ ಸೀರೆ ಇಲ್ಲವೇ ಧೋತರ, ಅದು ಅಸ್ತರ. ನಡುವೆ ಸವೆದ ಅರಿವೆಯ ಒಂದೆರಡು ಪದರು. ಮೇಲೆ ಬಣ್ಣಬಣ್ಣದ ತುಂಡುಗಳು. ಎಲ್ಲವನ್ನೂ ಹಿಡಿದಿಡುವ ಸಾದಾ ಓಟದ ಟಾಕಿ, ಅಂದರೆ ಹೊಲಿಗೆ. ಹತ್ತಿ ತುಂಬುವುದಿಲ್ಲ, ಹಾಗಾಗಿ ಅದು ರಜಾಯಿಯಲ್ಲ. ಆಳಂದದ ಆಚೆ ಮರಾಠಿ ಸೀಮೆಯಲ್ಲಿ ಇದನ್ನೇ ಗೋಧಡಿ ಎನ್ನುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಇಂಥದ್ದನ್ನೇ ಹೊಲಿಯುತ್ತಾರೆ. ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ತುಂಡುಗಳನ್ನು ಇಟ್ಟು ಅದಕ್ಕೆ ಫೂಲ, ಅಂದರೆ ಹೂವು ಎಂದು ಹೆಸರು ಹೇಳುತ್ತಾರೆ. ಹೆಸರು ಯಾವುದಾದರೂ ಇದರ ಕಷ್ಟಸುಖಗಳೆಲ್ಲ ಅರಿವೆಯ ಆಯ್ಕೆಯಿಂದಲೇ ಶುರುವಾಗುತ್ತವೆ.

ಮನೆಯ ಸಂದೂಕ ತೆಗೆದಾಗ ಇಪ್ಪತ್ತಮೂರು ಹಳೆಯ ಸೀರೆಗಳು ಸಿಕ್ಕವು. ಇನ್ನೇನು ಮೂರು ಕೌದಿಗೆ ಸಾಕು ಎಂದು ಹಿಗ್ಗಿದೆ. ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದಾಗ ಹತ್ತಿಯವು ಬರೀ ಆರು ಎಂದು ಗೊತ್ತಾಯಿತು. ಬಹಳ ಸಲ ತೊಳೆದ ಹತ್ತಿಗೆ ಸದ್ದೇ ಇರುವುದಿಲ್ಲ. ಬೆರಳ ನಡುವೆ ಅದು ಸಣ್ಣ ಹಿಟ್ಟಿನಂತೆ ಸರಿಯುತ್ತದೆ. ಪಾಲಿಯೆಸ್ಟರ್ ಎಷ್ಟೇ ಹಳೆಯದಾದರೂ ಸರಸರ ಎನ್ನುತ್ತದೆ ಮತ್ತು ಬೆರಳಿಗೆ ಸ್ವಲ್ಪ ಬಿಸಿ ತಟ್ಟಿಸುತ್ತದೆ. ಅನುಮಾನ ಉಳಿದವುಗಳಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದೆ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಕರಿಮಣಿಯಂತೆ ಗಟ್ಟಿಯಾಗುತ್ತದೆ. ಇಷ್ಟೆಲ್ಲ ಏಕೆ ಎಂದರೆ, ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡುತ್ತಲೇ ಹೋಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಹತ್ತಿಯ ಪದರನ್ನು ಹಿಡಿದು ನಿಲ್ಲದೆ ಜಾರುತ್ತದೆ. ಎರಡು ಹತ್ತಿಯ ಅರಿವೆಗಳನ್ನು ಒಂದರ ಮೇಲೊಂದು ಹಾಸಿ ಅಂಗೈ ಸವರಿದರೆ ಅವು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಕೈಹೊಲಿಗೆಯ ಅರ್ಧ ಕೆಲಸ ಅಲ್ಲಿಯೇ ಆಗಿರುತ್ತದೆ. ನಮ್ಮ ಇಳಕಲ್ಲ ಸೀರೆಯಲ್ಲೂ ಈ ತೊಡಕಿದೆ. ಅದರ ಒಡಲು ಹತ್ತಿಯದಾದರೂ ಕೊಂಡಿ ಹಾಕಿ ಕೂಡಿಸಿದ ಸೆರಗು ರೇಷ್ಮೆಯದು. ಒಡಲು ಸವೆದು ಜಾಳಾದಾಗಲೂ ಸೆರಗು ಹೊಸದರಂತೆ ಮಿರಿಮಿರಿ ಮಿಂಚುತ್ತಿರುತ್ತದೆ. ಚಂದಕ್ಕೆ ಮರುಳಾಗಿ ಸೆರಗಿನ ತುಂಡನ್ನು ಕೌದಿಯ ನಡುವೆ ಇಟ್ಟು ಕೈ ಸುಟ್ಟುಕೊಂಡಿದ್ದೇನೆ. ಒಂದೇ ವರ್ಷದಲ್ಲಿ ಅದರ ಸುತ್ತಲಿನ ಹತ್ತಿ ಹರಿದು, ಸೆರಗಿನ ತುಂಡು ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತು.

ಹಳೆಯದೆಂದರೆ ಜೀವ ಹೋದದ್ದೂ ಆಗಬಾರದು. ಅರಿವೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಒಮ್ಮೆ ಜಗ್ಗಿದರೆ 'ಪರ್' ಎಂದು ಬಿಚ್ಚಿಕೊಳ್ಳುವುದನ್ನು ನಡುವಿನ ಪದರಿಗೆ ಹಾಕಬಹುದು, ಮೇಲಕ್ಕೆ ಬೇಡ. ಆರಿಸಿಟ್ಟದ್ದನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ, ಗಂಜಿಯ ಜಿಗುಟು ಹೋಗುವವರೆಗೆ ತೊಳೆದು, ಪ್ರತಿ ಬಣ್ಣವನ್ನೂ ಒದ್ದೆ ಇರುವಾಗಲೇ ಬಿಳಿಯ ಅರಿವೆಯ ಮೇಲೆ ಒತ್ತಿ ನೋಡಬೇಕು. ನಾನು ಎಲ್ಲವನ್ನೂ ಒತ್ತಿ ನೋಡಿ ಒಂದೇ ಒಂದು ಕೆಂಪು ಖಣದ ತುಂಡನ್ನು ಬಿಟ್ಟೆ, 'ಇದು ಇಪ್ಪತ್ತು ವರ್ಷದ ಹಿಂದಿನದು, ಇನ್ನೇನು ಬಣ್ಣ ಬಿಟ್ಟೀತು' ಎಂದುಕೊಂಡು. ಮೊದಲ ತೊಳೆತಕ್ಕೆ ಅಜ್ಜನ ಧೋತರದ ಅಸ್ತರದ ಮೇಲೆ ಅಂಗೈಯಗಲ ಗುಲಾಬಿ ಕಲೆ ಮೂಡಿತು. ಆ ಖಣ ಉಟ್ಟದ್ದೇ ಇರಲಿಲ್ಲ, ಉಡಿ ತುಂಬಿದಾಗ ಬಂದದ್ದನ್ನು ಹಾಗೆಯೇ ಮಡಿಸಿಟ್ಟಿದ್ದೆ ಎಂಬುದು ಆಮೇಲೆ ನೆನಪಾಯಿತು. ಅರಿವೆಯ ವಯಸ್ಸನ್ನು ವರ್ಷದಿಂದಲ್ಲ, ತೊಳೆತದಿಂದ ಎಣಿಸಬೇಕು.

ಇನ್ನು ಹರಿಯುವುದು. ಕೌದಿಯ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಕತ್ತರಿಯಿಂದ ಅಂಚಿಗೆ ಒಂದು ಅಂಗುಲ ಕಚ್ಚು ಮಾಡಿ, ಎರಡೂ ಕೈಯಿಂದ ಹಿಡಿದು ಒಂದೇ ದಮ್ಮಿಗೆ ಎಳೆದರೆ ಅರಿವೆ ತನ್ನ ನೂಲಿನ ಗುಂಟ ನೆಟ್ಟಗೆ ಸೀಳುತ್ತದೆ; ಕಿಟಕಿಯ ಬಿಸಿಲಿನಲ್ಲಿ ನವಿರಾದ ನೂಲಿನ ಧೂಳು ಏಳುತ್ತದೆ, ಸೀಳಿದ ಅಂಚು ಕೈಗೆ ಸ್ವಲ್ಪ ಬೆಚ್ಚಗೆ ತಟ್ಟುತ್ತದೆ. ಕತ್ತರಿಯಿಂದ ಕತ್ತರಿಸಿದ ತುಂಡು ಕಣ್ಣಿಗೆ ಚೌಕವಾಗಿದ್ದರೂ ನೂಲಿಗೆ ಓರೆಯಾಗಿರಬಹುದು, ಅಂಥ ಓರೆಯಂಚು ಹೊಲಿಯುವಾಗ ರಬ್ಬರಿನಂತೆ ಹಿಗ್ಗುತ್ತದೆ. ಹರಿದ ತುಂಡು ಹಾಗೆ ಮೋಸ ಮಾಡುವುದಿಲ್ಲ. ಸೀರೆಯ ದಡಿಯನ್ನು ಮಾತ್ರ ನಾನು ಹರಿಯದೆ ಕತ್ತರಿಸಿ ಬೇರೆ ಇಡುತ್ತೇನೆ, ಏಕೆಂದರೆ ಕೌದಿಯ ನಾಲ್ಕೂ ಅಂಚಿಗೆ ಅದಕ್ಕಿಂತ ಬಾಳಿಕೆಯ ಪಟ್ಟಿ ಇನ್ನೊಂದಿಲ್ಲ.

ಸೂಜಿಯ ವಿಷಯದಲ್ಲಿ ಮೊದಲು ದಬ್ಬಣದಂಥ ದಪ್ಪನೆಯದನ್ನು ತಂದು ತಪ್ಪು ಮಾಡಿದೆ. ಅದು ಸಲೀಸಾಗಿ ಪದರು ದಾಟುತ್ತದೆ ನಿಜ. ಆದರೆ ಹಳೆಯ ಅರಿವೆಯಲ್ಲಿ ಅದು ಮಾಡಿದ ತೂತು ಮುಚ್ಚಿಕೊಳ್ಳುವುದಿಲ್ಲ. ಕಪಡಾ ಬಜಾರಿನ ಅಂಗಡಿಯವರು ಬೇರೆ ಬೇರೆ ನಂಬರಿನ ಸೂಜಿಗಳ ಪೊಟ್ಟಣ ಮುಂದಿಟ್ಟಾಗ, ನಂಬರು ಹೆಚ್ಚಾದಂತೆ ಸೂಜಿ ಸಣ್ಣದಾಗುತ್ತದೆ ಎಂಬುದು ಗಣಿತ ಕಲಿಸಿದ ನನಗೆ ಕ್ಷಣಕಾಲ ತಲೆಕೆಳಗಾಗಿ ಕಂಡಿತು. ಸಣ್ಣ ಮೈಯ, ತುಸು ಉದ್ದನೆಯ ಸೂಜಿಯೇ ಕೌದಿಗೆ ಸರಿ, ಒಂದೇ ಸಲಕ್ಕೆ ಮೂರು ನಾಲ್ಕು ಟಾಕಿಗಳನ್ನು ಅದರ ಮೈಮೇಲೆ ಪೋಣಿಸಿಕೊಂಡು ಎಳೆಯಬಹುದು. ಕಲ್ಯಾಣದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು ಎಂದು ಓದಿದ್ದೆ. ನನಗದು ಆವರೆಗೆ ಬರಿಯ ಹೆಸರಾಗಿತ್ತು. ನಾಲ್ಕು ಸೂಜಿ ಕೆಡಿಸಿದ ಮೇಲೆ ಅದೊಂದು ಕಾಯಕವೇ ಸರಿ ಎನಿಸಿತು.

ದಾರಕ್ಕೆ ಹತ್ತಿಯದನ್ನೇ ಆರಿಸಿಕೊಂಡೆ. ದಾರ ಅರಿವೆಗಿಂತ ಗಟ್ಟಿಯಾದರೆ ಜಗ್ಗಾಟದಲ್ಲಿ ಹರಿಯುವುದು ಅರಿವೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಅರಿವೆ ಹರಿದರೆ ತೇಪೆಯೇ ಗತಿ. ಎರಡೆಳೆ ಮಾಡಿ, ಮೇಣದ ತುಂಡಿನ ಮೇಲೆ ಒಮ್ಮೆ ಎಳೆದರೆ ದಾರ ಸಿಕ್ಕುಗಟ್ಟುವುದು ಕಡಿಮೆಯಾಗುತ್ತದೆ. ಎರಡೆಳೆಯಾದ ಮೇಲೆ ದಾರ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಇದ್ದರೆ ಸಾಕು. ಪದೇಪದೇ ಪೋಣಿಸುವ ಬೇಸರಕ್ಕೆ ನಾನು ಎರಡು ಮೊಳ ಇಟ್ಟುಕೊಂಡು ನೋಡಿದ್ದೇನೆ. ಪ್ರತಿ ಟಾಕಿಗೂ ಅಷ್ಟುದ್ದ ದಾರ ಅರಿವೆಯೊಳಗಿಂದ ಉಜ್ಜಿಕೊಂಡು ಬರುವುದರಿಂದ ಕೊನೆಯ ಹೊತ್ತಿಗೆ ಅದು ಮುಳ್ಳುಮುಳ್ಳಾಗಿ ಹರಿಯುತ್ತದೆ, ಮೇಲಾಗಿ ಭುಜ ಬಿದ್ದುಹೋಗುತ್ತದೆ.

ಇಷ್ಟೆಲ್ಲ ಸಿದ್ಧತೆಯ ಮೇಲೂ ಮೊದಲ ಕೌದಿ ಕೆಟ್ಟಿತು. ಕೆಟ್ಟ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಯಂತ್ರದಿಂದ ಕೈಗೆ ಬರುವ ಯಾರಾದರೂ ಇದೇ ತಪ್ಪು ಮಾಡುತ್ತಾರೆ ಎಂದು ನನ್ನ ಅನಿಸಿಕೆ. ಮೇಲಿನ ತುಂಡುಗಳನ್ನೆಲ್ಲ ನಾನು ಮೊದಲೇ ಯಂತ್ರದಲ್ಲಿ ಕೂಡಿಸಿ, ಇಸ್ತ್ರಿ ಮಾಡಿ, ಐದಡಿ ಅಗಲ ಏಳಡಿ ಉದ್ದದ ಒಂದೇ ಹಾಳೆಯನ್ನಾಗಿ ಮಾಡಿಕೊಂಡೆ. ಅದನ್ನು ಅಸ್ತರದ ಮೇಲೆ ಹಾಸಿ, ಆಯಿ ಹೊಲಿಯುತ್ತಿದ್ದದ್ದು ಅಂಚಿನಿಂದ ಒಳಕ್ಕೆ ಎಂಬ ನೆನಪಿನಂತೆ ಅಂಚಿನಿಂದಲೇ ಸುತ್ತು ಹೊಡೆಯುತ್ತ ಬಂದೆ. ಪ್ರತಿ ಸುತ್ತಿನಲ್ಲೂ ಅರಿವೆಯ ಎಳ್ಳಿನಷ್ಟು ಸಡಿಲು ಸೂಜಿಯ ಮುಂದೆ ಒಳಗೆ ಸರಿಯುತ್ತಿತ್ತು. ನನಗೆ ಅದು ಕಾಣಲಿಲ್ಲ. ಮೂವತ್ತನೆಯ ಸುತ್ತಿಗೆ ಬರುವಷ್ಟರಲ್ಲಿ ಆ ಎಳ್ಳುಗಳೆಲ್ಲ ಕೂಡಿ ಕೌದಿಯ ನಟ್ಟನಡುವೆ ಊದಿಸಿದ ಪೂರಿಯಂಥ ಒಂದು ಉಬ್ಬು ಎದ್ದು ಕುಳಿತಿತ್ತು. ಒತ್ತಿದರೆ ಈ ಕಡೆ ಇಳಿದು ಆ ಕಡೆ ಏಳುತ್ತಿತ್ತು. ಕೆಳಗೆ ತಿರುಗಿಸಿ ನೋಡಿದರೆ ಅಸ್ತರದಲ್ಲಿ ನಾಲ್ಕು ಕಡೆ ಮಡಿಕೆ ಸೇರಿ ಹೊಲಿದುಹೋಗಿದ್ದವು.

ಏಪ್ರಿಲ್ ತಿಂಗಳಲ್ಲಿ ಅದನ್ನು ಗಂಟು ಕಟ್ಟಿಕೊಂಡು ಸೇಡಂ ತಾಲೂಕಿನ ಕಾಗಿಣಾ ದಂಡೆಯ ಊರಿನಲ್ಲಿರುವ ದೊಡ್ಡವ್ವನ ಬಳಿಗೆ ಹೋದೆ. ಆಗ ಆಕೆಗೆ ಎಂಬತ್ತು ದಾಟಿತ್ತು. ಎಡಗಣ್ಣಿನ ಪೊರೆ ತೆಗೆಸಿದ್ದರೂ ಬಲಗಣ್ಣು ಮಂಜೇ ಇತ್ತು. ಕೌದಿಯನ್ನು ಆಕೆ ಬಿಚ್ಚಿ ನೋಡಲಿಲ್ಲ. ಮಡಿಕೆಯೊಳಗೆ ಕೈ ಹಾಕಿ ಅಸ್ತರದ ಬದಿಯನ್ನು ಸವರಿದಳು.

"ಮ್ಯಾಲಿಂದೆಲ್ಲಾ ಮೊದಲೇ ಕೂಡಿಸಿಟ್ಟೀದಿ ಏನು?" ಎಂದಳು.

ಹೌದೆಂದೆ.

"ಮತ್ತ ಅದಕ್ಕ ಹೋಗ್ಲಾಕ ಜಾಗ ಎಲ್ಲದ ಯವ್ವಾ? ಅದ್ಕೇ ಹೊಟ್ಟಿ ಬಂದದ."

ಅಲ್ಲಿ ಮೂರು ದಿನ ಉಳಿದೆ. ಆಕೆ ತೋರಿಸಿದ್ದು ಇಷ್ಟು. ಅಸ್ತರವನ್ನು ನೀರಲ್ಲಿ ಅದ್ದಿ, ಹಿಂಡಿ, ಹಸಿಯಾಗಿಯೇ ಪಡಸಾಲೆಯ ಫರಸಿಗೆ ಅಂಟಿಸಿದಂತೆ ಹಾಸಬೇಕು. ಅಂಗೈಯಿಂದ ನಡುವಿನಿಂದ ಅಂಚಿಗೆ ಸವರುತ್ತ ಹೋದರೆ ಅದು ಕಲ್ಲಿಗೆ ಕಚ್ಚಿಕೊಂಡು ಒಂದು ಸುಕ್ಕೂ ಇಲ್ಲದೆ ಒಣಗುತ್ತದೆ. ಅದರ ಮೇಲೆ ನಡುವಿನ ಪದರು. ಮೇಲಿನ ತುಂಡುಗಳನ್ನು ಮಾತ್ರ ಕೂಡಿಸಿಡುವಂತೆಯೇ ಇಲ್ಲ. ಮೊದಲ ತುಂಡಿನ ಹೊರಗಿನ ಅಂಚನ್ನು ಮಡಿಸಿ ಮೂಲೆಗಿಟ್ಟು ಹೊಲಿಗೆ ಹಿಡಿಯುವುದು, ಅದು ಮುಗಿಯುತ್ತ ಬಂದಾಗ ಎರಡನೆಯದರ ಅಂಚು ಮಡಿಸಿ ಮೊದಲನೆಯದರ ಬಿಚ್ಚಂಚಿನ ಮೇಲೆ ಏರಿಸುವುದು, ಹೀಗೆ ಸುತ್ತು ತಿರುಗುತ್ತ ಒಳಗೆ ಬರುವುದು. ಪ್ರತಿ ತುಂಡಿನ ಒಳಗಿನ ಬದಿ ಬಿಡುಬೀಸಾಗಿಯೇ ಇರುತ್ತದೆಯಾದ್ದರಿಂದ ಸೂಜಿ ತಳ್ಳಿದ ಸಡಿಲು ಆ ತೆರೆದ ಅಂಚಿನಿಂದ ಹೊರಗೆ ಹೋಗಿಬಿಡುತ್ತದೆ. ಮುಂದಿನ ತುಂಡು ಬಂದು ಕೂಡುವುದು ಅದು ಹೋದ ಮೇಲೆ. ಕಟ್ಟಕಡೆಗೆ ನಡುವೆ ಉಳಿದ ಖಾಲಿ ಜಾಗದ ಅಳತೆಗೆ ಕೊನೆಯ ತುಂಡನ್ನು ಹರಿದುಕೊಳ್ಳುವುದು. ಅಂಚಿನಿಂದ ಒಳಕ್ಕೆ ಎಂಬ ಆಯಿಯ ಕ್ರಮದಲ್ಲಿ ತಪ್ಪೇನೂ ಇರಲಿಲ್ಲ. ನಾನು ಅದರ ಅರ್ಧವನ್ನಷ್ಟೇ ನೆನಪಿಟ್ಟುಕೊಂಡು, ಉಳಿದರ್ಧಕ್ಕೆ ಯಂತ್ರದ ಬುದ್ಧಿ ಬೆರೆಸಿದ್ದೆ. ಮೊದಲೇ ಕೂಡಿಸಿದ ಹಾಳೆಯನ್ನು ಹೊಲಿಯಲೇಬೇಕಾದರೆ ನಡುವಿನಿಂದ ಹೊರಕ್ಕೆ ಹೊಲಿಯಬೇಕು, ಆಗ ಸಡಿಲು ಅಂಚಿನಿಂದ ಆಚೆ ಹೋಗುತ್ತದೆ. ಎರಡು ಕ್ರಮವನ್ನೂ ಬೆರೆಸಿದರೆ ಹೊಟ್ಟೆ ಬರುವುದು ಖಂಡಿತ.

ಎರಡನೆಯ ಪಾಠ ಕೈಯದು. ನಾನು ಕಣ್ಣಿನಿಂದ ಹೊಲಿಯುತ್ತಿದ್ದೆ, ಟಾಕಿಗಳು ಮೇಲೆ ಒಂದೇ ಅಳತೆಗೆ ಸಾಲಾಗಿ ಕಂಡರೆ ಸಾಕೆಂದು. ದೊಡ್ಡವ್ವನ ಬಲಗೈ ಸೂಜಿಯನ್ನು ಬರೀ ಏರಿಸುತ್ತ ಇಳಿಸುತ್ತ ಇರುತ್ತಿತ್ತು. ಲೆಕ್ಕವೆಲ್ಲ ಅರಿವೆಯ ಕೆಳಗಿದ್ದ ಎಡಗೈಯಲ್ಲಿ. ಅದರ ನಡುಬೆರಳಿನ ತುದಿ ಸೂಜಿಯ ಮೊನೆಯನ್ನು ಮುಟ್ಟಿದ್ದೇ ಮೇಲಕ್ಕೆ ನೂಕುತ್ತಿತ್ತು. ಆಕೆಯ ಟಾಕಿಗಳು ಕೂರಿಗೆಯ ಸಾಲಿನ ಹಾಗೆ ಸಮನಾಗಿ ಬೀಳುತ್ತಿದ್ದವು. ಅಷ್ಟಾದರೂ ಆಕೆ ನೋಡುತ್ತಿದ್ದದ್ದು ಬಾಗಿಲಾಚೆ ಹೋಗಿಬರುವವರನ್ನು. ಆ ಬೆರಳನ್ನು ಹಿಡಿದು ನೋಡಿದೆ. ತುದಿಯಲ್ಲಿ ಜೋಳದ ಕಾಳಿನಷ್ಟು ಜಡ್ಡುಗಟ್ಟಿದ ಚರ್ಮ, ಅದರ ತುಂಬ ಕಪ್ಪು ಚುಕ್ಕೆಗಳು. ದರ್ಜಿಗಳು ಬೆರಳ ತುದಿಗೆ ಟೊಪ್ಪಿಗೆಯಂತೆ ಹಾಕಿಕೊಳ್ಳುವ ಅಂಗುಸ್ತಾನವನ್ನು ಆಕೆಗೆ ಒಯ್ದು ಕೊಟ್ಟಿದ್ದೆ. ಅದನ್ನು ಹಾಕಿಕೊಂಡರೆ ಬೆರಳು ಕಿವುಡಾಗುತ್ತದೆ ಎಂದು ತೆಗೆದಿಟ್ಟಳು. ನನ್ನ ಬೆರಳಿಗೆ ಅಷ್ಟು ಧೈರ್ಯವಿಲ್ಲ. ಸೂಜಿ ತಳ್ಳುವ ಬಲಗೈಗೆ ನಾನು ಅಂಗುಸ್ತಾನ ಹಾಕಿಕೊಳ್ಳುತ್ತೇನೆ, ಕೆಳಗಿನ ಎಡಗೈಯನ್ನು ಮಾತ್ರ ಬರಿದಾಗಿಯೇ ಬಿಡುತ್ತೇನೆ. ಚುಚ್ಚಿ ರಕ್ತ ಅರಿವೆಗೆ ತಾಗಿದರೆ ಆ ಕ್ಷಣವೇ ತಣ್ಣೀರು ಹಚ್ಚಿ ಒರೆಸಬೇಕು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಕೆಳಗಿನ ಕೈ ಪಳಗಿದ ಮೇಲೆ ಹೊಲಿಯುವ ಸುಖವೇ ಬೇರೆಯಾಯಿತು. ಮೊದಲ ಪದರು ದಾಟುವಾಗ ಸೂಜಿಗೆ ಸಿಗುವ ಸಣ್ಣ ತಡೆ, ನಡುವಿನ ಸವೆದ ಪದರಿನಲ್ಲಿ ತಡೆಯೇ ಇಲ್ಲದ ಒಂದು ಗಳಿಗೆ, ಅಸ್ತರದಲ್ಲಿ ಮತ್ತೆ ತಡೆ, ಆಮೇಲೆ ಬೆರಳಿಗೆ ತಣ್ಣನೆಯ ಮೊನೆ. ಇಷ್ಟೂ ಬೇರೆ ಬೇರೆಯಾಗಿ ಕೈಗೆ ತಿಳಿಯತೊಡಗಿದವು. ಎರಡು ದಡಿಗಳು ಒಂದರ ಮೇಲೊಂದು ಕೂತ ಜಾಗ ಬಂದರೆ ಸೂಜಿ ಅಲ್ಲಿಗೆ ಮುಟ್ಟುವ ಮುಂಚೆಯೇ ಎಡಗೈಗೆ ಸುಳಿವು ಸಿಗುತ್ತದೆ. ಕೆಳಗೆ ಮಡಿಕೆ ಬಿದ್ದರೆ ಮೂವತ್ತು ಸುತ್ತು ಕಾಯಬೇಕಾಗಿಲ್ಲ, ಅದೇ ಟಾಕಿಯಲ್ಲಿ ಗೊತ್ತಾಗುತ್ತದೆ. ತೊಂದರೆಯೆಂದರೆ ಎಡಗೈ ಅಂಚಿನಿಂದ ಒಂದೂವರೆ ಮೊಳದವರೆಗೆ ಮಾತ್ರ ತಲುಪುತ್ತದೆ. ಅದರಾಚೆ ಕೌದಿಯನ್ನು ಒಂದು ಬದಿಯಿಂದ ಸುರುಳಿ ಸುತ್ತಿ ತೊಡೆಯ ಮೇಲೆ ಏರಿಸಿಕೊಳ್ಳಬೇಕು, ಸುತ್ತುವಾಗ ಪದರುಗಳು ಸರಿಯದಂತೆ ಮೊದಲೇ ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಟ್ಟುಕೊಳ್ಳಬೇಕು. ದೊಡ್ಡವ್ವ ಕಚ್ಚಾ ಹೊಲಿಗೆ ಹಾಕುವುದಿಲ್ಲ, ಕೌದಿಯ ಮೇಲೆಯೇ ಕೂತು ಅರಿವೆಯನ್ನು ಚಿವುಟಿ ಎತ್ತಿ ಹೊಲಿಯುತ್ತಾಳೆ. ನಾನು ಅಸ್ತರಕ್ಕೂ ನಡುವಿನ ಪದರಿಗೂ ಅದನ್ನು ಹಾಕುತ್ತೇನೆ, ಅದಕ್ಕೆ ನಾಚಿಕೆಯೇನೂ ಇಲ್ಲ.

ಮೇ ತಿಂಗಳಿನಲ್ಲಿ ಕಲಬುರಗಿಗೆ ಮರಳಿ ಎರಡನೆಯದನ್ನು ಹಾಸಿದೆ. ಹಳೆಯ ಚಟ ಬಿಡಬೇಕಲ್ಲ, ಕೂತು ಲೆಕ್ಕವನ್ನೂ ಹಾಕಿದೆ. 60 ಅಂಗುಲಕ್ಕೆ 84 ಅಂಗುಲ, ಸಾಲಿನಿಂದ ಸಾಲಿಗೆ ಬೆರಳಗಲ, ಅಂದರೆ ಮುಕ್ಕಾಲು ಅಂಗುಲ. ಒಟ್ಟು ಹೊಲಿಗೆಯ ಉದ್ದ 6,720 ಅಂಗುಲ, ಸುಮಾರು 170 ಮೀಟರ್. ಅಂಗುಲಕ್ಕೆ ಮೂರು ಟಾಕಿ ಎಂದರೆ ಇಪ್ಪತ್ತು ಸಾವಿರಕ್ಕೆ ತುಸು ಹೆಚ್ಚು. ಒಮ್ಮೆ ಪೋಣಿಸಿದ ದಾರ 15 ಅಂಗುಲ ಸಾಗುತ್ತದೆ, ಹಾಗಾಗಿ 448 ಸಲ ಸೂಜಿ ಪೋಣಿಸಬೇಕು. ಪ್ರತಿ ದಾರಕ್ಕೆ ಆರು ನಿಮಿಷದಂತೆ 45 ತಾಸು. ದಿನಕ್ಕೆ ಎರಡು ತಾಸು ಕೂತರೆ ಇಪ್ಪತ್ತಮೂರು ದಿನ ಎಂದು ಮನೆಯಲ್ಲಿ ಘೋಷಿಸಿದೆ. ಹಿಡಿದದ್ದು ಐವತ್ತೆಂಟು ದಿನ. ತುಂಡು ಆರಿಸುವುದು, ಅಂಚು ಮಡಿಸುವುದು, ಇಟ್ಟು ನೋಡಿ ಬಣ್ಣ ಹೊಂದದೆ ತೆಗೆಯುವುದು, ಎದ್ದು ಚಹಾ ಮಾಡಿಕೊಂಡು ಬಂದು ಮೊದಲಿನದೇ ಸರಿಯಿತ್ತು ಎಂದು ಮತ್ತೆ ಇಡುವುದು ಇವಾವುವೂ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಮೈಯ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಬಿಸಿಲು 42, 43 ಡಿಗ್ರಿಗೆ ಏರಿದ ಮಧ್ಯಾಹ್ನ ತೊಡೆಯ ಮೇಲೆ ಕೌದಿ ಹೊದ್ದು ಕೂರುವುದು ಒಂದು ವ್ರತವೇ. ಅಂಗೈ ಬೆವತು ಸೂಜಿ ಜಾರುತ್ತದೆ, ಹಾಗೆಯೇ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕಿನ ಚುಕ್ಕೆ ಹಿಡಿಯುತ್ತದೆ. ಆಯಿ ನಾಲ್ಕು ಟಾಕಿಗೊಮ್ಮೆ ಸೂಜಿಯನ್ನು ತನ್ನ ಬೈತಲೆಯ ಪಕ್ಕದ ಕೂದಲಿನಲ್ಲಿ ಒರೆಸಿಕೊಳ್ಳುತ್ತಿದ್ದದ್ದು ಏಕೆಂದು ಆಗ ಅರ್ಥವಾಯಿತು: ಕೊಬ್ಬರಿ ಎಣ್ಣೆಯ ಪಸೆ ಹತ್ತಿದ ಸೂಜಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ನಾನು ಈಗ ಬೆಳಗಿನ ಆರರಿಂದ ಎಂಟರವರೆಗೆ ಮಾತ್ರ ಹೊಲಿಯುತ್ತೇನೆ. ದಿನದ ಮೊದಲ ಕೆಲಸ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಒಂದು ಸಣ್ಣ ದಿಂಬಿಗೆ ಚುಚ್ಚಿಟ್ಟುಕೊಳ್ಳುವುದು, ಏಕೆಂದರೆ ಕನ್ನಡಕ ಇದ್ದೂ ಸೂಜಿಯ ಕಣ್ಣು ಕಾಣುವುದು ಆಗಲೇ ಚೆನ್ನ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ಹಿಂದೆ ಬಿಳಿಯ ಕಾಗದ ಹಿಡಿದರೆ ಬಹಳ ಮಟ್ಟಿಗೆ ಸಲೀಸು. ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ಕೂರುವುದು, ಅರ್ಧ ತಾಸಿಗೊಮ್ಮೆ ಕಾಲು ಬದಲಿಸುವುದು, ಅಷ್ಟು ಮಾಡದೆ, ಕೈಗೂ ಬಿಡುವು ಕೊಡದೆ ಒಂದು ವಾರ ಹಟಕ್ಕೆ ಬಿದ್ದು ಕೂತಿದ್ದಕ್ಕೆ ಬಲಗೈ ಹೆಬ್ಬೆರಳು ಹದಿನೈದು ದಿನ ಜೋಮು ಹಿಡಿದಂತಿತ್ತು; ರೊಟ್ಟಿ ತಟ್ಟಲೂ ಆಗಲಿಲ್ಲ.

ಕೂಸಿನ ಕೌದಿ ಮೂರನೆಯದು, ಮೂರಡಿಗೆ ಮೂರೂವರೆ ಅಡಿ. ಅದರಲ್ಲಿ ಪದರು ಮೂರೇ. ಕೂಸು ಕೈಗೆ ಸಿಕ್ಕದ್ದನ್ನು ಬಾಯಿಗೆ ಹಾಕುವುದರಿಂದ ಬಣ್ಣ ಬಿಡುವ ತುಂಡು ಒಂದೂ ಇರಬಾರದು, ಗುಂಡಿ, ಕನ್ನಡಿ, ಜರಿ ಯಾವುದೂ ಬೇಡ. ಗಂಟುಗಳನ್ನೂ ಮೇಲೆ ಉಳಿಸುವಂತಿಲ್ಲ: ಗಂಟು ಹಾಕಿದ ದಾರವನ್ನು ಮೇಲಿನ ಪದರಿನೊಳಗೆ ಇಳಿಸಿ, ಮೆಲ್ಲಗೆ ಜಗ್ಗಿದರೆ ಗಂಟು 'ಟಪ್' ಎಂದು ಒಳಗೆ ಹೋಗಿ ಪದರುಗಳ ನಡುವೆ ಕೂರುತ್ತದೆ. ಆ 'ಟಪ್' ಕಿವಿಗೆ ಕೇಳುವುದಕ್ಕಿಂತ ಬೆರಳಿಗೆ ಕೇಳುವುದೇ ಹೆಚ್ಚು. ಕೊನೆಯ ತುಂಡು ಮುಚ್ಚುವ ಮುಂಚೆ ಆಯಿ ಅದರೊಳಗೆ ಒಂದು ಚೂರು ಹೋಳಿಗೆ ಇಡುತ್ತಿದ್ದಳು, ಕೌದಿ ಹಸಿದ ಹೊಟ್ಟೆಯಲ್ಲಿ ಇರಬಾರದೆಂದು. ಇರುವೆ ಬರುತ್ತದೆ ಎಂದು ಮಗಳು ಬೇಡವೆಂದಳು. ನಾಲ್ಕು ಜೋಳದ ಕಾಳು ಇಡೋಣವೆಂದರೆ ಕೂಸಿಗೆ ಒತ್ತುತ್ತದೆ. ಕಡೆಗೆ ಆಯಿಯ ಸೀರೆಯದೇ ಒಂದು ಎಳೆಯನ್ನು ಸುತ್ತಿ ಇಟ್ಟು ಮುಚ್ಚಿದೆ.

ಹೊಲಿದು ಮುಗಿದ ಕೌದಿ ಮೊದಲ ತೊಳೆತದವರೆಗೆ ಒಂದು ತೆರನಾದರೆ, ತೊಳೆದ ಮೇಲೆ ಬೇರೆಯೇ ವಸ್ತು. ದಾರವೂ ಅರಿವೆಯೂ ಕೂಡಿ ತುಸು ಎಳೆದುಕೊಂಡು, ಸಾಲಿನಿಂದ ಸಾಲಿನ ನಡುವಿನ ಜಾಗವೆಲ್ಲ ಸಣ್ಣಗೆ ಉಬ್ಬಿ, ಅಂಗೈ ಸವರಿದರೆ ಹರಗಿದ ಹೊಲದ ಮೇಲೆ ಬರಿಗಾಲಲ್ಲಿ ನಡೆದಂತೆ ಏರಿಳಿತ ತಟ್ಟುತ್ತದೆ. ಆ ಉಬ್ಬುಗಳ ನಡುವೆ ಗಾಳಿ ನಿಲ್ಲುವುದರಿಂದಲೇ ಹತ್ತಿ ತುಂಬದ ಕೌದಿಯೂ ಚಳಿಗಾಲದಲ್ಲಿ ಬೆಚ್ಚಗಿರುತ್ತದೆ. ತೊಳೆಯುವುದು ಮಾತ್ರ ಒಬ್ಬರ ಕೆಲಸವಲ್ಲ. ನೀರು ಕುಡಿದ ದೊಡ್ಡ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು, ದಸರೆಯ ಮುಂದೆ ಊರ ಹೆಣ್ಣುಮಕ್ಕಳೆಲ್ಲ ಹಾಸಿಗೆ ಹೊದಿಕೆ ಹೊತ್ತು ಕಾಗಿಣಾಕ್ಕೆ ಕೂಡಿಯೇ ಹೋಗುತ್ತಿದ್ದದ್ದು ಸುಮ್ಮನೆ ಅಲ್ಲ. ನಾನು ಮನೆಯಲ್ಲಿ ವಾಷಿಂಗ್ ಮಷಿನ್ನಿಗೆ ಹಾಕಿ ನೋಡಿದೆ. ಕೂಸಿನದು ತಡೆದುಕೊಂಡಿತು, ದೊಡ್ಡದರಲ್ಲಿ ಒಂದು ದಡಿಯ ಹೊಲಿಗೆ ಗೇಣುದ್ದ ಬಿಚ್ಚಿತು.

ಮೊಮ್ಮಗ ಈಗ ಆ ಕೌದಿಯ ಮೂಲೆಯೊಂದನ್ನು ಹಿಡಿದುಕೊಂಡೇ ಮಲಗುತ್ತಾನೆ. ಕಣ್ಣು ಮುಚ್ಚಿದ ಮೇಲೂ ಅವನ ಹೆಬ್ಬೆರಳು ಒಂದು ಸಾಲಿನ ಮೇಲೆ ಹಿಂದೆ ಮುಂದೆ ಓಡಾಡುತ್ತಿರುತ್ತದೆ. ಟಾಕಿ ದಪ್ಪವಾಗಿ ಬಿದ್ದ ಜಾಗ ಅದು, ನನ್ನ ಎಡಗೈ ಚುಚ್ಚಿಸಿಕೊಂಡ ದಿನದ್ದು. ಹೊಟ್ಟೆ ಬಂದ ಮೊದಲನೆಯ ಕೌದಿಯನ್ನು ಬಿಚ್ಚುವ ಕೆಲಸ ಅರ್ಧಕ್ಕೆ ನಿಂತಿದೆ, ಏಕೆಂದರೆ ಅದು ಮನೆಯ ಯಜಮಾನರಿಗೆ ಮಾಳಿಗೆಯ ಮೇಲೆ ಮಲಗಲು ಬಹಳ ಹಿತವಾಗಿದೆಯಂತೆ, ಉಬ್ಬಿನ ಮೇಲೆ ತಲೆಯಿಟ್ಟರೆ ದಿಂಬೇ ಬೇಡವಂತೆ. ಹೋದ ವಾರ ನಾದಿನಿ ತನ್ನ ಮಗಳಿಗೊಂದು ಕೌದಿ ಬೇಕೆಂದು ಎರಡು ಗಂಟು ಹಳೆಯ ಸೀರೆ ಕಳಿಸಿದ್ದಾಳೆ. ಒಂದು ಗಂಟಿನಲ್ಲಿ ಹನ್ನೊಂದು ಸೀರೆ ತಿಕ್ಕಿ ನೋಡಿದೆ. ಹತ್ತಿಯದು ಒಂದೇ ಇತ್ತು. ಇನ್ನೊಂದನ್ನು ಇನ್ನೂ ಬಿಚ್ಚಿಲ್ಲ.